ಅಬ್ಜೆಕ್ಷನ್ ಬಾಕಿ ಇದೆ

ನಿವೃತ್ತಿಯಾದ ಮೇಲೂ ನಿವೃತ್ತರಾಗದವರು ಪ್ರತಿ ಬಡಾವಣೆಯಲ್ಲೂ ನಾಲ್ಕು ಜನ ಸಿಗುತ್ತಾರೆ. ಮಾಜಿ ಮೇಷ್ಟ್ರು ಹೋಟೆಲಿನ ಬೋರ್ಡಿನ ಒತ್ತಕ್ಷರ ತಿದ್ದಿಸಿಯೇ ಒಳಗೆ ಕಾಲಿಡುತ್ತಾರೆ. ಮಾಜಿ ಪೊಲೀಸರು ಮೊಮ್ಮಗನ ರಬ್ಬರು ಕಳೆದರೂ ಮನೆಮಂದಿಯನ್ನು ಸಾಲಾಗಿ ನಿಲ್ಲಿಸುತ್ತಾರೆ. ಮಾಜಿ ಕಂಡಕ್ಟರು ಮದುವೆಮನೆಯ ಪಂಕ್ತಿಯಲ್ಲೂ ‘ಮುಂದೆ ಹೋಗಿ, ಮುಂದೆ ಹೋಗಿ’ ಅನ್ನುತ್ತಾರೆ. ಇವರನ್ನೆಲ್ಲ ಹೇಗೋ ಸಂಭಾಳಿಸಬಹುದು. ಲೆಕ್ಕ ತಪಾಸಣೆಯಲ್ಲಿ ಆಯುಷ್ಯ ಸವೆಸಿದವರು ಪಕ್ಕದ ಮನೆ ಕಟ್ಟಿಸಿಕೊಂಡು ಬಂದರೆ ಮಾತ್ರ ದೇವರೇ ಗತಿ.

ನಮ್ಮ ಪಕ್ಕದ ಮನೆಯವರ ನಿಜವಾದ ಹೆಸರು ಬಡಾವಣೆಯಲ್ಲಿ ಯಾರಿಗೂ ನೆನಪಿಲ್ಲ. ‘ಆಡಿಟ್ ಸಾಹೇಬ್ರು’ ಅಂದರೆ ಕಸದ ಗಾಡಿಯವನಿಗೂ ಗೊತ್ತು. ಜೇಬಿನಲ್ಲಿ ಹಸಿರು ಶಾಯಿಯ ಪೆನ್ನು, ಕಂಕುಳಲ್ಲಿ ಉದ್ದನೆಯ ರಿಜಿಸ್ಟರು, ಮೂಗಿನ ತುದಿಯಲ್ಲಿ ಕನ್ನಡಕ, ಅದರ ಮೇಲಿನಿಂದ ಜಗತ್ತಿನ ಕಡೆಗೊಂದು ಅನುಮಾನದ ನೋಟ. ಗಣಪತಿ ಹಬ್ಬದ ಲೆಕ್ಕದಲ್ಲಿ ಹನ್ನೊಂದು ತೆಂಗಿನಕಾಯಿ ವ್ಯತ್ಯಾಸ ಹಿಡಿದ ವರ್ಷದಿಂದ ಯುವಕ ಸಂಘದವರು ಅವರ ಮನೆಯೊಂದನ್ನು ಬಿಟ್ಟೇ ಚಂದಾ ಎತ್ತುತ್ತಾರೆ. ಹಾಲಿನವನು ಲೀಟರಿನ ಲೆಕ್ಕವನ್ನು ಎರಡು ಪ್ರತಿಯಲ್ಲಿ ಕೊಡುತ್ತಾನೆ. ಅವರ ಹೆಂಡತಿ ಮಂಡಿನೋವಿನ ವಿಷಯ ಎತ್ತಿದರೆ ‘ನೋಡೋಣ’ ಅನ್ನುತ್ತಾರೆ. ಅದು ಇಲಾಖೆಯ ‘ನೋಡೋಣ’. ‘ನನ್ನ ಅರ್ಜಿ ಯಾವ ಟೇಬಲ್ ಮೇಲೆ ಕೂತಿದೆಯೋ’ ಎಂದು ಆಕೆ ಕಾಂಪೌಂಡಿನ ಈ ಕಡೆಯ ನಮಗೂ ಕೇಳಿಸುವಂತೆ ನಿಟ್ಟುಸಿರು ಬಿಡುತ್ತಾರೆ.

ಇಂಥವರ ಮನೆಗೆ ದೀಪಾವಳಿ ಮುಗಿದ ಮೇಲೆ ಹತ್ತು ಕೋಳಿಪಿಳ್ಳೆಗಳು ಬಂದವು. ಇದರ ಹಿಂದಿನ ಕಾರಣ ಶುದ್ಧ ಲೆಕ್ಕದ್ದು. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಕೋಳಿ ಅಂಗಡಿಯವನು ಹೇಳಿದ್ದೇ ರೇಟು, ಕೊಟ್ಟಿದ್ದೇ ತೂಕ. ರಸೀದಿ ಕೇಳಿದರೆ ನಗುತ್ತಾನೆ. ಹಾಗಾಗಿ ಹಿತ್ತಿಲಲ್ಲೇ ಸಾಕುವುದೆಂದು ಸಾಹೇಬರು ತೀರ್ಮಾನಿಸಿದರು. ತಳಿಯ ವಿಚಾರಣೆಯೂ ಆಯಿತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 2005ರಲ್ಲಿ ಬಿಡುಗಡೆ ಮಾಡಿದ ಸ್ವರ್ಣಧಾರಾ. ನೋಡಲು ನಾಟಿಯಂತೆ ಬಣ್ಣಬಣ್ಣ; ಹೇಂಟೆ ವರ್ಷಕ್ಕೆ 180ರಿಂದ 190 ಮೊಟ್ಟೆ ಇಡುತ್ತದೆ, ಹುಂಜ ಬಲಿತರೆ ನಾಲ್ಕು ಕೆಜಿ ತೂಗುತ್ತದೆ. ಅದಕ್ಕೂ ಮೊದಲು ಬಂದ ಗಿರಿರಾಜ ತಳಿಯ ಕಡತವನ್ನೂ ತರಿಸಿ ನೋಡಿ, ಹೋಲಿಕೆ ಪಟ್ಟಿ ಬರೆದು, ಕೆಳಗೆ ಸಹಿ ಹಾಕಿದರು. ಪಿಳ್ಳೆಗಳು ದಾಸ್ತಾನು ವಹಿಯಲ್ಲಿ ಒಂದರಿಂದ ಹತ್ತರವರೆಗೆ ನಮೂದಾದವು.

ಹಳೇ ಟಿವಿಯ ರಟ್ಟಿನ ಡಬ್ಬವೇ ಮನೆಯಾಯಿತು. ಕಾವಿಗೆ ಬಲ್ಬು ಬೇಕಲ್ಲ, ಮಿತವ್ಯಯದ ದೃಷ್ಟಿಯಿಂದ ಒಂಬತ್ತು ವ್ಯಾಟಿನ ಎಲ್‌ಇಡಿ ಕಟ್ಟಿದರು. ಬೆಳಕು ಝಗಮಗ, ಬಿಸಿ ಸೊನ್ನೆ. ಪಿಳ್ಳೆಗಳು ಒಂದರ ಮೇಲೊಂದು ರಾಶಿ ಬಿದ್ದು ಚೀರಿದವು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಮೂರರಂತೆ ಇಳಿಸುತ್ತಾ ಬರಬೇಕು ಎಂದು ಯಾರೋ ಹೇಳಿದ ಮೇಲೆ, ಹಳೆಯ ಅರವತ್ತರ ಬಲ್ಬಿಗಾಗಿ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗಳನ್ನೆಲ್ಲ ತಪಾಸಣೆ ಮಾಡಿ ಬಂದರು. ಡಬ್ಬದ ತಳಕ್ಕೆ ಹಳೇ ದಿನಪತ್ರಿಕೆ. ಅವರ ಅಟ್ಟದಲ್ಲಿ ಪತ್ರಿಕೆಗೆ ಬರಗಾಲವಿಲ್ಲ. ರದ್ದಿಯವನ ತಕ್ಕಡಿಯ ಮೇಲೆ ಅವರಿಗೆ ಎಂದೂ ನಂಬಿಕೆ ಬಂದಿಲ್ಲ.

ಎರಡು ದಿನ ಕಳೆಯುವುದರೊಳಗೆ ಏಳನೇ ನಂಬರು ಏಳಲಿಲ್ಲ. ಉಳಿದವು ರಾಗಿತರಿ, ನುಚ್ಚು ಕುಟುಕುತ್ತಿದ್ದರೆ ಇದು ಪೇಪರಿನ ಮೇಲೆ ಹೊಟ್ಟೆ ಹಾಕಿ ಮಲಗಿತ್ತು. ಎರಡು ಕಾಲೂ ಎರಡು ದಿಕ್ಕಿಗೆ, ಪೂರ್ತಿ ಬಿಚ್ಚಿಟ್ಟ ಕೈವಾರದ ಹಾಗೆ. ಏಳಲು ಹೋದರೆ ಬಲಗಾಲು ಜರ್ರನೆ ಜಾರುತ್ತದೆ, ಮೂತಿ ನೆಲ ಮುಟ್ಟುತ್ತದೆ, ರೆಕ್ಕೆ ಬಡಿದು ಇನ್ನೊಂದು ಸಲ ಎದ್ದರೆ ಎಡಗಾಲಿನ ಸರದಿ.

ಬೇರೆಯವರಾಗಿದ್ದರೆ ‘ಅಯ್ಯೋ ಪಾಪ’ ಅನ್ನುತ್ತಿದ್ದರು. ಸಾಹೇಬರು ಕನ್ನಡಕ ಏರಿಸಿ, ‘ಇದಕ್ಕೆ ಹೊಣೆ ಯಾರು?’ ಅಂದರು. ಸ್ಥಳ ಪರಿಶೀಲನೆ ಶುರುವಾಯಿತು. ಕೆಲಸದಾಕೆಯ ಹೇಳಿಕೆ ಪಡೆಯಲಾಯಿತು. ಎದುರು ಮನೆಯ ಬೆಕ್ಕು ಘಟನೆಯ ಸಮಯದಲ್ಲಿ ಎಲ್ಲಿತ್ತೆಂದು ವಿಚಾರಿಸಲಾಯಿತು. ಬಲ್ಬಿನ ಮೇಲೂ ಅನುಮಾನ ಬಂತು. ಹಸಿರು ಶಾಯಿಯಲ್ಲಿ ‘ಆಕ್ಷೇಪಣೆ ಸಂಖ್ಯೆ ಒಂದು’ ಎಂದು ಬರೆದು ಅಡಿಗೆರೆ ಎಳೆದರು. ಅವರ ಹೆಂಡತಿ ಅದನ್ನು ಓದಿ ಪಿಳ್ಳೆಗೆ ‘ಅಬ್ಜೆಕ್ಷನ್’ ಅಂತಲೇ ಹೆಸರಿಟ್ಟುಬಿಟ್ಟರು.

ಸುದ್ದಿ ಹರಡಿದ್ದೇ ತಡ, ಸಲಹೆಗಳು ಬಂದವು. ಹರಳೆಣ್ಣೆ ಹಚ್ಚಿ ಎಂದರು ಒಬ್ಬರು. ದೃಷ್ಟಿ ಆಗಿದೆ, ನೀವಾಳಿಸಿ ಎಂದರು ಇನ್ನೊಬ್ಬರು. ಕೊಕ್ಕರೆ ರೋಗವೇ ಇರಬೇಕು, ಬೀದಿಯ ಕೋಳಿಗಳೆಲ್ಲ ಇವತ್ತೋ ನಾಳೆಯೋ ಎಂದು ಮೂಲೆಮನೆಯವರು ಹೆದರಿಸಿದರು. ‘ಸಾರಿಗೂ ಸಾಲಲ್ಲ ಬಿಡಿ ಸಾರ್, ಹಿತ್ತಿಲಾಚೆ ಎಸೀರಿ’ ಎಂದು ಕೋಳಿ ಅಂಗಡಿಯವನೇ ಉಚಿತ ಸಲಹೆ ಕೊಟ್ಟ. ಸಾಹೇಬರು ಒಂದೊಂದನ್ನೂ ಬರೆದುಕೊಂಡು ಎದುರಿಗೆ ‘ದಾಖಲೆ ಒದಗಿಸಿಲ್ಲ’ ಎಂದು ಷರಾ ಹಾಕಿದರು. ಆಮೇಲೆ ಊಟದ ಡಬ್ಬಿಗೆ ಬಟ್ಟೆ ಹಾಸಿ, ಮುಚ್ಚಳಕ್ಕೆ ತೂತು ಕೊರೆದು, ಅಬ್ಜೆಕ್ಷನ್ನನ್ನು ಕೂರಿಸಿಕೊಂಡು ಪಶು ಆಸ್ಪತ್ರೆಗೆ ಹೊರಟರು. ಸ್ಕೂಟರಿನ ಮೇಲೆ ಹಿಂದೆ ಕೂತು ಡಬ್ಬಿ ಹಿಡಿಯುವ ಕೆಲಸಕ್ಕೆ ನನ್ನನ್ನು ನೇಮಿಸಿಕೊಂಡರು.

ಅಲ್ಲಿ ಮುಂದೆ ಕೆಚ್ಚಲು ಬಾವಿನ ಹಸು, ಹಿಂದೆ ಲಸಿಕೆಗೆ ಬಂದ ಲ್ಯಾಬ್ರಡಾರ್ ನಾಯಿ, ನಡುವೆ ಅಂಗೈಯಷ್ಟೂ ಇಲ್ಲದ ನಮ್ಮ ರೋಗಿ. ‘ಏನ್ ಸ್ವಾಮಿ, ಊಟ ಕಟ್ಕೊಂಡ್ ಬಂದಿದ್ದೀರಾ?’ ಎಂದ ಹಸುವಿನವನು. ಡಬ್ಬಿಯೊಳಗಿಂದ ‘ಚೀಂವ್’ ಎಂದು ಉತ್ತರ ಹೋಯಿತು.

ಡಾಕ್ಟರಮ್ಮ ನಗಲಿಲ್ಲ. ಪಿಳ್ಳೆಯನ್ನು ಅಂಗೈ ಮೇಲೆ ಬೋರಲು ಹಾಕಿ ಮೊದಲು ಬೆರಳು ಬಿಡಿಸಿದರು. ಬೆರಳು ಒಳಕ್ಕೆ ಮುಷ್ಟಿಯಾಗಿ ಸುರುಳಿ ಸುತ್ತಿದ್ದರೆ ಅದು ಬಿ2 ಜೀವಸತ್ವದ ಕೊರತೆ, ರೈಬೋಫ್ಲೇವಿನ್ ಕೊಟ್ಟರೆ ಸರಿಹೋಗುವ ಸಂಭವ ಹೆಚ್ಚು. ಆಮೇಲೆ ಕಾಲಿನ ಗಿಣ್ಣು ಒತ್ತಿ ನೋಡಿದರು. ಅಲ್ಲಿ ಊದಿಕೊಂಡು, ಹಿಂದಿನ ಸ್ನಾಯುರಜ್ಜು ತನ್ನ ಜಾಡಿನಿಂದ ಪಕ್ಕಕ್ಕೆ ಜಾರಿದ್ದರೆ ಅದು ಆಹಾರದಲ್ಲಿ ಮ್ಯಾಂಗನೀಸೋ ಕೋಲಿನ್ನೋ ಸಾಲದೆ ಬರುವ ತೊಂದರೆ. ಅದನ್ನು ಗುಣ ಮಾಡುವುದು ಕಷ್ಟ. ಇನ್ನೂ ಕೆಟ್ಟದ್ದೊಂದಿದೆ, ಮಾರೆಕ್ ರೋಗ. ಕೆಲವು ವಾರ ಬೆಳೆದ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬೀಳುತ್ತದೆ. ವೈರಸ್ಸಿನಿಂದ ಬರುವ ಅದಕ್ಕೆ ಮದ್ದಿಲ್ಲ, ಮೊಟ್ಟೆಯೊಡೆದ ದಿನವೇ ಹಾಕುವ ಲಸಿಕೆಯೊಂದೇ ರಕ್ಷೆ.

‘ಮಾರೆಕ್ ಅಂದರೆ?’ ಸಾಹೇಬರ ಪೆನ್ನು ನಿಂತಿತು.

‘ಯೋಸೆಫ್ ಮಾರೆಕ್ ಅಂತ ಹಂಗೇರಿಯ ಪಶುವೈದ್ಯರು. 1907ರಲ್ಲಿ ಮೊದಲು ವಿವರಿಸಿದವರು. ನಿಮ್ಮ ಪಿಳ್ಳೆಗೆ ಅದಿಲ್ಲ ಬಿಡಿ.’

ಇಲ್ಲದ ರೋಗವಾದರೂ ಸಾಹೇಬರು ಬಿಡಲಿಲ್ಲ, ಅನುಬಂಧ ಎರಡರಲ್ಲಿ ಸೇರಿಸಿದರು. ಸೇವಾವಧಿಯಲ್ಲಿ ಅವರ ಯಾವ ಕಡತವೂ ಹೊಸೂರು ಗಡಿ ದಾಟಿರಲಿಲ್ಲ. ಇದು ಹಂಗೇರಿ ಮುಟ್ಟಿತು.

‘ಇದು ಬರೀ ಕಾಲಗಲಿಸಿದ್ದು’ ಎಂದರು ಡಾಕ್ಟರಮ್ಮ. ‘ಮರಿ ಮಾಡುವ ಯಂತ್ರದಲ್ಲಿ ಶಾಖ, ತೇವ ಏರುಪೇರಾದರೂ ಆಗುತ್ತದೆ. ಹೆಚ್ಚಾಗಿ ನುಣುಪು ನೆಲದಿಂದ. ಮೊದಲ ದಿನಗಳಲ್ಲಿ ಕಾಲು ಊರಲು ಹಿಡಿತ ಸಿಗದಿದ್ದರೆ ಜಾರಿ ಜಾರಿ ಅದೇ ರೂಢಿಯಾಗುತ್ತದೆ. ಕೆಳಗೆ ಏನು ಹಾಸಿದ್ದೀರಿ?’

‘ದಿನಪತ್ರಿಕೆ.’

‘ಅದೇ ಕಾರಣ. ಹಾಸಿದ್ದು ಯಾರು?’

ನನಗೆ ತಿಳಿದಂತೆ ಅವರ ಪೆನ್ನು ಮುಚ್ಚಳ ಹಾಕಿಕೊಂಡದ್ದು ಅದೇ ಮೊದಲು. ‘ಆ ಅಂಶ ಪರಿಶೀಲನೆಯಲ್ಲಿದೆ’ ಅಂದರು.

ಡಾಕ್ಟರಮ್ಮ ಚಿಕಿತ್ಸೆಯನ್ನು ಅಲ್ಲೇ ಮಾಡಿ ತೋರಿಸಿದರು. ಗಾಯಕ್ಕೆ ಅಂಟಿಸುವ ಬ್ಯಾಂಡ್-ಏಡ್ ಒಂದನ್ನು ಉದ್ದಕ್ಕೆ ಸೀಳಿ ಅರ್ಧ ಮಾಡಿದರು. ನಡುವಿನ ಹತ್ತಿಯ ಮೆತ್ತೆ ಎರಡು ಕಾಲುಗಳ ನಡುವೆ ಬರಬೇಕು, ಅಂಟಿನ ತುದಿಗಳು ಪಾದದ ಮೇಲ್ಭಾಗದಲ್ಲಿ ಒಂದೊಂದು ಕಾಲನ್ನು ಸುತ್ತಬೇಕು. ಆರೋಗ್ಯವಂತ ಪಿಳ್ಳೆ ನಿಂತಾಗ ಕಾಲುಗಳ ನಡುವೆ ಎಷ್ಟು ಜಾಗವಿರುತ್ತದೋ ಅಷ್ಟೇ ಅಂತರ. ಹೆಚ್ಚು ಕಡಿಮೆ ಒಂದು ಅಂಗುಲ. ಬಿಗಿಯಾದರೆ ರಕ್ತ ಓಡುವುದಿಲ್ಲ, ಸಡಿಲವಾದರೆ ಕಾಲು ಮತ್ತೆ ಜಾರುತ್ತದೆ. ಒಬ್ಬರು ಹಿಡಿದಿರಬೇಕು, ಒಬ್ಬರು ಸುತ್ತಬೇಕು. ಎಲುಬು ಇನ್ನೂ ಎಳಸಾಗಿರುವಾಗಲೇ, ಮೊದಲ ಎರಡು ಮೂರು ದಿನದಲ್ಲೇ ಶುರು ಮಾಡಿದರೆ ವಾರದೊಳಗೆ ನೆಟ್ಟಗಾಗುತ್ತದೆ. ತಡವಾದಷ್ಟೂ ಆಸೆ ಕಡಿಮೆ. ದಿನಕ್ಕೊಮ್ಮೆ ಪಟ್ಟಿ ಬಿಚ್ಚಿ ನೋಡಿ, ಪಿಳ್ಳೆಯ ಕಾಲು ದಿನದಿಂದ ದಿನಕ್ಕೆ ದಪ್ಪವಾಗುತ್ತದೆ ಎಂದರು. ಹಾಸಲು ಗೋಣಿತಾಟು. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು. ಮೂತಿ ಕವುಚಿ ಬಿದ್ದರೂ ಮುಳುಗಬಾರದು.

ಪಟ್ಟಿ ಕಟ್ಟಿದ ಅಬ್ಜೆಕ್ಷನ್ ಮನೆಗೆ ಬಂದು ನಿಂತಿತು, ತಕ್ಷಣ ಮುಂದಕ್ಕೆ ಮುಗ್ಗರಿಸಿತು. ಸಾಹೇಬರು ಎತ್ತಿ ನಿಲ್ಲಿಸಿದರು. ಹಿಂದಕ್ಕೆ ಬಿತ್ತು. ಮತ್ತೆ ನಿಲ್ಲಿಸಿದರು. ಪೂರಕ ದಾಖಲೆ ಇಲ್ಲವೆಂದು ಎಷ್ಟೋ ಗುತ್ತಿಗೆದಾರರನ್ನು ಬಾಗಿಲಿಂದಲೇ ವಾಪಸು ಕಳಿಸಿದ ಆಸಾಮಿ ಗೋಣಿತಾಟಿನ ಮುಂದೆ ಮಂಡಿಯೂರಿ ‘ಏಳಪ್ಪಾ... ಏಳು... ಹಾಂ, ಹಂಗೇ’ ಅನ್ನುತ್ತಿದ್ದುದನ್ನು ನಾನು ಕಾಂಪೌಂಡಿನ ಮೇಲಿಂದ ಕಣ್ಣಾರೆ ಕಂಡೆ. ನನ್ನನ್ನು ನೋಡಿದ ಕೂಡಲೇ ಗಂಟಲು ಸರಿಮಾಡಿಕೊಂಡು, ‘ಭೌತಿಕ ಪರಿಶೀಲನೆ’ ಅಂದರು.

ಒಡಹುಟ್ಟಿದವು ಕುಂಟನನ್ನು ಕುಕ್ಕುತ್ತವೆಂದು ಡಬ್ಬದೊಳಗೇ ಜಾಲರಿ ಅಡ್ಡ ಹಾಕಿದರು. ಬೇರೆ ಕೋಣೆಯಲ್ಲಿಟ್ಟರೆ ಒಂಟಿ ಪಿಳ್ಳೆ ಚೀರಿ ಚೀರಿಯೇ ಸೊರಗುತ್ತದಂತೆ. ಹಾಗಾಗಿ ಕಣ್ಣಿಗೆ ಕಾಣಬೇಕು, ಕೊಕ್ಕಿಗೆ ಸಿಗಬಾರದು. ಬಿ-ಕಾಂಪ್ಲೆಕ್ಸ್ ಹನಿ ಬಿದ್ದ ನೀರು ಹಳದಿಯಾಗುತ್ತದೆ, ಬೆಳಕಿಗೆ ಅದರ ಸತ್ವ ಹೋಗುತ್ತದೆಂದು ಬೆಳಿಗ್ಗೆ ಸಂಜೆ ಬದಲಾಯಿಸಿ ಸಹಿ ಹಾಕಿದರು. ನಿಂತು ಸುಸ್ತಾದಾಗ ಕಾಲು ಕೆಳಕ್ಕೆ ನೆಟ್ಟಗೆ ಇಳಿಬಿದ್ದಿರಲಿ ಎಂದು ಬಟ್ಟೆ ತುರುಕಿದ ಲೋಟದಲ್ಲಿ ಕೂರಿಸಿದರು. ಆ ಲೋಟ ಅವರ ಹೆಂಡತಿಯ ತವರಿನ ಬೆಳ್ಳಿಯದು. ಅಳತೆಯಲ್ಲಿ ಅದೊಂದೇ ಸರಿಹೊಂದಿತಂತೆ.

‘ಮೂರು ಮಕ್ಕಳನ್ನು ಹೆತ್ತೆ, ಒಂದಕ್ಕೂ ಹೀಗೆ ಕೂತು ನೀರು ಕುಡಿಸಲಿಲ್ಲ ನೋಡಿ’ ಎಂದು ಆಕೆ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡರು. ನಿಜವಿರಬಹುದು. ಆದರೆ ಆ ಮಕ್ಕಳ ಲಸಿಕೆ ಚೀಟಿ, ಒಂದನೇ ಕ್ಲಾಸಿನಿಂದ ಕಟ್ಟಿದ ಫೀಜಿನ ರಸೀದಿ, ಜ್ವರ ಬಂದ ದಿನಗಳ ಪಟ್ಟಿ ಎಲ್ಲವೂ ಅಟ್ಟದಲ್ಲಿ ದಾರ ಕಟ್ಟಿ ಇವತ್ತಿಗೂ ಇವೆ. ಈ ಜಾತಿಯ ಜನಕ್ಕೆ ಅಕ್ಕರೆ ಬಾಯಲ್ಲಿ ಬರುವುದಿಲ್ಲ. ಅದು ನಮೂನೆ ತುಂಬಿ, ಮೊಹರು ಬಿದ್ದು, ಸರಿಯಾದ ಮಾರ್ಗದ ಮೂಲಕವೇ ಬರಬೇಕು. ಅದೇ ವಾರ ಅವರ ಬಚ್ಚಲುಮನೆಗೆ ರಬ್ಬರಿನ ಚಾಪೆ ಬಂತು. ‘ನುಣುಪು ನೆಲದ ಬಗ್ಗೆ ತಜ್ಞರ ವರದಿ ಇದೆ’ ಅಂದರಂತೆ. ಮೂಳೆ ಡಾಕ್ಟರ ಟೋಕನ್ನೂ ಬಂತು. ಆಕೆಯ ಅರ್ಜಿ ಅಂತೂ ಟೇಬಲ್ ಬದಲಾಯಿಸಿತು.

ನಾಲ್ಕನೇ ದಿನ ಪಟ್ಟಿ ಬಿಚ್ಚಿದಾಗ ಅಬ್ಜೆಕ್ಷನ್ ನಿಂತುಕೊಂಡಿತು. ಸ್ವಲ್ಪ ವಾಲಿತು, ಗೋಣಿಯ ಎಳೆಗೆ ಉಗುರು ಸಿಕ್ಕಿಸಿತು, ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ರಾಗಿತರಿಯ ಕಡೆ ಓಡಿತು. ಬೀದಿಯವರೆಲ್ಲ ಬಂದು ನೋಡಿ ಹೋದರು. ಸಾಹೇಬರ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ಇಲಾಖೆಯ ಪದ್ಧತಿ ಪ್ರಕಾರ ದೋಷ ಸರಿಯಾದರೆ ಅನುಪಾಲನಾ ವರದಿ ಬರೆದು ಆಕ್ಷೇಪಣೆಯನ್ನು ತಿರುವಳಿ ಮಾಡಬೇಕು. ಅವರು ಮಾಡಲಿಲ್ಲ. ‘ಬಲಗಾಲಿನ ನಡುಬೆರಳು ಅರ್ಧ ನೂಲು ಓರೆಯಿದೆ’ ಎಂದು ಹೊಸ ಕಂಡಿಕೆ ಬರೆದರು. ನನಗಂತೂ ಯಾವ ಓರೆಯೂ ಕಾಣಲಿಲ್ಲ.

ಆ ಕಂಡಿಕೆಯ ಬೆಲೆ ತಿಳಿದದ್ದು ಹೊಸತೊಡಕಿನ ದಿನ. ಅಷ್ಟರಲ್ಲಿ ಅಬ್ಜೆಕ್ಷನ್ ಕೆಂಪು ಜುಟ್ಟಿನ ಹುಂಜವಾಗಿ, ನಸುಕಿನ ನಾಲ್ಕಕ್ಕೇ ಬಡಾವಣೆಯನ್ನೆಲ್ಲ ಎಬ್ಬಿಸುತ್ತಿತ್ತು. ಊರಿಂದ ಬಂದ ಸಾಹೇಬರ ಬಾಮೈದ ಹಿತ್ತಿಲಿಗೆ ಹೋದವರೇ ಅದನ್ನೇ ಕಂಕುಳಿಗೆ ಹಾಕಿಕೊಂಡು ಬಂದು, ‘ಭಾವ, ಮೂರು ಕೆಜಿಗೆ ಮೋಸ ಇಲ್ಲ’ ಅಂದರು.

‘ಬಿಡು ಅದನ್ನ’ ಎಂದರು ಸಾಹೇಬರು. ರಿಜಿಸ್ಟರು ತೆರೆದು ತೋರಿಸಿದರು. ‘ಆಕ್ಷೇಪಣೆ ಬಾಕಿ ಇರುವ ಆಸ್ತಿಯನ್ನು ವಿಲೇವಾರಿ ಮಾಡುವಂತಿಲ್ಲ.’

‘ಯಾವಾಗ ಮುಗಿಯುತ್ತೆ ಆಕ್ಷೇಪಣೆ?’

‘ನೋಡೋಣ’ ಎಂದರು.

ಕೊನೆಗೆ ಒಲೆಗೇರಿದ್ದು ಅದರ ಜೊತೆ ಬಂದ ಮೂರನೇ ನಂಬರಿನ ಹುಂಜ. ಮುದ್ದೆ ಮುರಿದು, ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಸಾಹೇಬರು ತೃಪ್ತಿಯಾಗಿ ಉಂಡರು. ಇದಕ್ಕೊಂದು ನ್ಯಾಯ, ಅದಕ್ಕೊಂದು ನ್ಯಾಯವೇ ಎಂದು ಬಾಮೈದ ಕೇಳಿದ್ದಕ್ಕೆ ಮೂಳೆ ಚೀಪುತ್ತಲೇ ಹೇಳಿದರು: ‘ಇದರ ಕಾಲಲ್ಲಿ ಹುಟ್ಟಿದಾಗಿನಿಂದ ಒಂದು ದೋಷ ಇರಲಿಲ್ಲವಲ್ಲಪ್ಪ. ಅಬ್ಜೆಕ್ಷನ್ ಇಲ್ಲದ ಬಿಲ್ಲನ್ನು ತಡೆಹಿಡಿಯೋಕೆ ನನಗೆ ಅಧಿಕಾರ ಎಲ್ಲಿದೆ?’