ಮೆನುವಿನ ನಕ್ಷತ್ರಗಳು

ಕಡಲತೀರದ ಊರಿನಲ್ಲಿ ಮೀನಿನ ಹೋಟೆಲು ಹುಡುಕುವುದು ಸುಲಭ, ಮೀನು ಹುಡುಕುವುದು ಕಷ್ಟ. ಇಟಲಿಯ ಜಿನೋವಾದಿಂದ ಪೂರ್ವಕ್ಕೆ ರೈಲಿನಲ್ಲಿ ಹೊರಟರೆ ಸಿಗುವ ಪುಟ್ಟ ಊರು ಕಮೋಲಿಯಲ್ಲಂತೂ ಕಂಡದ್ದನ್ನೆಲ್ಲ ನಂಬುವ ಹಾಗಿಲ್ಲ. ದಡದುದ್ದಕ್ಕೂ ನಿಂತ ಎತ್ತರದ ಕೆಂಪು, ಹಳದಿ ಮನೆಗಳ ಎಷ್ಟೋ ಕಿಟಕಿಗಳು ಗೋಡೆಯ ಮೇಲೆ ಬರೆದ ಚಿತ್ರಗಳು. ಚೌಕಟ್ಟು, ಕೆತ್ತನೆ, ಅದರ ನೆರಳು ಎಲ್ಲವೂ ಬಣ್ಣ. ಅರೆತೆರೆದ ಅಂಥದೊಂದು ಕಿಟಕಿ ನೋಡಿ ನನ್ನ ಹೆಂಡತಿ, "ಪುಣ್ಯವಂತರು, ಸೊಳ್ಳೆ ಬರುವುದಿಲ್ಲ" ಎಂದಳು.

ಇಂಥ ಊರಿನಲ್ಲಿ ಸತ್ಯ ಹೇಳುವ ಹೊಣೆ ಹೋಟೆಲಿನ ಮೆನುವಿನ ಮೇಲೆ ಬಿದ್ದಿದೆ. ಕೆಲವು ಹೆಸರುಗಳ ಪಕ್ಕ ಕಣ್ಣಿಗೆ ಕಂಡೂ ಕಾಣದಂಥ ನಕ್ಷತ್ರವೊಂದಿರುತ್ತದೆ. ಅಡುಗೆಯವನ ವಿಶೇಷ ಕೈಚಳಕ ಎಂದುಕೊಂಡು ಅದನ್ನೇ ಆರ್ಡರ್ ಮಾಡುವವರುಂಟು. ಅದು ಹೇಳುವುದಿಷ್ಟೇ: ಈ ಮೀನು ಫ್ರೀಜರಿನಿಂದ ಎದ್ದು ಬಂದದ್ದು. ಇಟಲಿಯಲ್ಲಿ ಇದನ್ನು ಗಿರಾಕಿಗೆ ತಿಳಿಸಲೇಬೇಕು. ಅಲೆಯ ಹನಿ ತಟ್ಟೆಗೇ ಸಿಡಿಯುವ ಜಾಗದಲ್ಲಿ ಕೂತು ಮೆನು ತೆರೆದರೆ ಸಿಗಡಿಗೊಂದು ನಕ್ಷತ್ರ, ಬೊಂಡಾಸಿಗೊಂದು ನಕ್ಷತ್ರ. ಅಮಾವಾಸ್ಯೆಯ ಆಕಾಶದಷ್ಟು ಮಿನುಗುವ ಮೆನು ಕಂಡರೆ ನಮಸ್ಕಾರ ಹೇಳಿ ಏಳುವುದು ಮೇಲು.

ಮುಂದಿನದು ಗಣಿತ. ಇಡೀ ಮೀನಿನ ಮುಂದೆ ಬರೆದ ಬೆಲೆ ಬಲು ಸಾಧುವಾಗಿರುತ್ತದೆ, ಏಕೆಂದರೆ ಅದು ಬರೀ 100 ಗ್ರಾಮಿನದು. ವೇಟರು ಹಸಿ ಮೀನನ್ನು ತಟ್ಟೆಯಲ್ಲಿಟ್ಟು ತಂದು ತೋರಿಸುತ್ತಾನೆ. ಮಲ್ಪೆಯ ಗಾಳಿಯಲ್ಲಿ ಬೆಳೆದ ನನ್ನವಳು ಕಿವಿರು ಎತ್ತಿ ನೋಡಲು ಕೈ ಚಾಚಿದಳು, ಅವನು ಗಾಬರಿಯಿಂದ ತಟ್ಟೆ ಹಿಂದಕ್ಕೆಳೆದ. ನನಗೆ ಕಿವಿರಿನ ಚಿಂತೆಯಿಲ್ಲ, ತೂಕದ್ದೇ ಚಿಂತೆ. ಒಂದೂಕಾಲು ಕೆಜಿಯಾದರೆ ಹನ್ನೆರಡೂವರೆ ಪಟ್ಟು! ಅದರ ಮೇಲೆ ಕುರ್ಚಿಯಲ್ಲಿ ಕೂತು ಬ್ರೆಡ್ ಮುರಿದಿದ್ದಕ್ಕೆ ತಲೆಗಿಷ್ಟು ಎಂದು ಬೇರೆ.

ಹಾಗಾಗಿ ನನ್ನ ಸಲಹೆ ಸಣ್ಣ ಮೀನಿನ ಪಕ್ಷ. ನಮ್ಮ ಕರಾವಳಿಯ ಕೊಲ್ಲತರುವಿನ ದಾಯಾದಿಯಂಥ ಆಂಚೊವಿ ಅಲ್ಲಿನ ಬಡವರ ಬಂಧು. ಹಿಟ್ಟಿನಲ್ಲಿ ಹೊರಳಿಸಿ ಕರಿದು, ನಿಂಬೆ ಹಿಂಡಿ ಕೊಡುತ್ತಾರೆ. ಮುಳ್ಳು ಬಿಡಿಸುವ ರಗಳೆಯಿಲ್ಲ, ಭಾಗಾಕಾರವೂ ಇಲ್ಲ. ಮೀನನ್ನು ಹಬ್ಬದಲ್ಲೇ ತಿನ್ನಬೇಕೆಂಬ ಹಟವಿದ್ದವರು ಮೇ ತಿಂಗಳ ಎರಡನೆಯ ಭಾನುವಾರ ಹೋಗಬೇಕು. ಬೆಸ್ತರ ಕುಲದೈವ ಸಂತ ಫೊರ್ತುನಾತೊನ ಹೆಸರಿನಲ್ಲಿ ಸುಮಾರು 4 ಮೀಟರ್ ಅಗಲದ ಬಾಣಲೆಯಲ್ಲಿ ಮೀನು ಕರಿದು ಹಂಚುವ ಈ ಹಬ್ಬ 1952ರಲ್ಲಿ ಶುರುವಾಯಿತು. ಆದರೆ ಆ ಸಾಲಿನಲ್ಲಿ ನಿಲ್ಲಲು ಸಂತನ ತಾಳ್ಮೆ ಬೇಕು.

ಇವೆಲ್ಲಕ್ಕಿಂತ ಭರವಸೆಯ ದಾರಿ, "ಇವತ್ತು ಬಲೆಗೆ ಏನು ಬಿತ್ತು?" ಎಂದು ಕೇಳುವುದು. ಪಕ್ಕದ ಪುಂತಾ ಕಿಯಾಪ್ಪಾ ಬಳಿ ವಸಂತದಿಂದ ಸೆಪ್ಟೆಂಬರ್‌ವರೆಗೆ ಹಳೆಯ ಕಾಲದ ದೊಡ್ಡ ಬಲೆಯೊಂದನ್ನು ಕಡಲಲ್ಲಿ ನಿಲ್ಲಿಸುತ್ತಾರೆ. ಟ್ಯೂನಾಕ್ಕೆಂದು ಕಟ್ಟಿದ್ದು, ಆದರೆ ಬರುವವರು ಹೆಚ್ಚಾಗಿ ಅದರ ನೆಂಟರಿಷ್ಟರು. ಬಂದವರೇ ಆ ದಿನದ ಊಟ. ಬಲೆಯನ್ನು ಪ್ರತಿವರ್ಷ ಹೊಸದಾಗಿ ಹೆಣೆಯುತ್ತಾರೆ, ಅದೂ ತೆಂಗಿನ ನಾರಿನಲ್ಲಿ. ಆ ಸೀಮೆಯಲ್ಲಿ ತೆಂಗು ಬೆಳೆಯುವುದಿಲ್ಲ, ನಾರು ಸಮುದ್ರ ದಾಟಿಯೇ ಬರಬೇಕು.

ಇದನ್ನು ವಿವರಿಸಿದಾಗ ನನ್ನವಳು, ಬರೀ ಉಪ್ಪು-ನಿಂಬೆ ಸವರಿದ ಮೀನನ್ನೇ ದಿಟ್ಟಿಸುತ್ತ ಹೇಳಿದಳು: "ನಾರು ತಂದವರು ಜೊತೆಗೆ ನಾಲ್ಕು ಕಾಯಿಯನ್ನೂ ತರಬಾರದಿತ್ತೇ?"