ದೂರಿಗೊಂದು ಧನ್ಯವಾದ

ಇಂಗ್ಲಿಷ್ ಬರವಣಿಗೆ ಸುಧಾರಿಸಿಕೊಳ್ಳಬೇಕೆಂಬ ಚಟ ಹತ್ತಿದ ಮೇಲೆ ನನ್ನ ದೂರುಗಳಿಗೆಲ್ಲ ಧನ್ಯವಾದ ಬರತೊಡಗಿದೆ. ಮೇಲಿನ ಮನೆಯ ಬಚ್ಚಲ ನೀರು ತೊಟ್ಟಿಕ್ಕಿ ನಮ್ಮ ದೇವರ ಮನೆಯ ಗಣಪತಿಗೆ ಹಗಲಿರುಳು ಅಭಿಷೇಕ ನಡೆದಿತ್ತು. ಅಪಾರ್ಟ್‌ಮೆಂಟಿನ ಸಂಘಕ್ಕೆ ಕೆಂಡಾಮಂಡಲವಾಗಿ ಇಮೇಲ್ ಬರೆದೆ. ವ್ಯಾಕರಣ ತಿದ್ದುವ ತಂತ್ರಾಂಶ ಕೆಂಪು ಗೀಟೆಳೆದು, ಧಾಟಿ ಕಟುವಾಯಿತು ಎಂದು ಗೊಣಗಿತು. ಅದು ಹೇಳಿದಂತೆಲ್ಲ ‘ಕೈಂಡ್ಲಿ’, ‘ಅಪ್ರಿಶಿಯೇಟ್’ ಸುರಿದೆ. ಮರುದಿನ ಅಧ್ಯಕ್ಷರು ಲಿಫ್ಟಿನಲ್ಲಿ ಕೈಕುಲುಕಿ, ‘ನಮ್ಮ ಕೆಲಸ ಇಷ್ಟು ಮೆಚ್ಚಿ ಬರೆದವರು ನೀವೊಬ್ಬರೇ ಸಾರ್’ ಎಂದರು.

ಬುನಾದಿಯೇ ಗಟ್ಟಿಯಿಲ್ಲವೆಂದು ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಬಿಚ್ಚಿ ಕೂತೆ. ನಮ್ಮ ಕ್ರಿಯಾಪದ ಮದುವೆ ಮನೆಯ ಯಜಮಾನನಂತೆ ಎಲ್ಲರ ಊಟವಾದ ಮೇಲೆ ಕೊನೆಯ ಪಂಕ್ತಿಯಲ್ಲಿ ಕೂರುತ್ತದೆ. ಇಂಗ್ಲಿಷಿನದೋ ಕರ್ತೃವಿನ ಬೆನ್ನಿಗೇ ನುಗ್ಗುತ್ತದೆ. ಜೊತೆಗೆ ಆ ‘ಎ’, ‘ದಿ’ಗಳ ಕಾಟ. ಅವಿಲ್ಲದೆಯೂ ಪಂಪನಿಂದ ಕುವೆಂಪುವರೆಗೆ ಯಾರ ಕೆಲಸವೂ ನಿಂತಿಲ್ಲ, ಹೋಗಲಿ ಬಿಡಿ. ಆದರೆ ಈ ರೆನ್ ಸಾಹೇಬರು ಸಾಮಾನ್ಯರಲ್ಲ. ಫ್ರೆಂಚ್ ಫಾರಿನ್ ಲೀಜನ್ನಿನ ಸಾಹಸ ಕಾದಂಬರಿ ‘ಬೋ ಜೆಸ್ಟ್’ (1924) ಬರೆದವರೂ ಇವರೇ. ಮರಳುಗಾಡು, ಕೋಟೆ, ಗುಂಡಿನ ಕಾಳಗವೆಲ್ಲ ಅಲ್ಲಿಗೆ. ಪ್ಯಾಸಿವ್ ವಾಯ್ಸ್ ಮಾತ್ರ ನಮಗೆ!

ಆರ್. ಕೆ. ನಾರಾಯಣ್ ಕೂಡ ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಫೇಲಾಗಿದ್ದರು ಎಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ. ‘ಅವರು ಆಮೇಲೆ ಮಾಲ್ಗುಡಿ ಕಟ್ಟಿದರು. ನೀವು ಮೊದಲು ಪ್ಲಂಬರ್‌ಗೆ ಫೋನ್ ಮಾಡಿ, ಅವನಿಗೆ ಕನ್ನಡ ಬರುತ್ತೆ’ ಎಂದಳು.

ಯಾರ ಬಳಿಯಾದರೂ ‘ಬೋ ಜೆಸ್ಟ್’ ಹಳೆಯ ಪ್ರತಿ ಇದ್ದರೆ ಕೊಡಿ. ಬದಲಿಗೆ ವ್ಯಾಕರಣದ ಪುಸ್ತಕ ಕೊಡುತ್ತೇನೆ, ಹೆಚ್ಚು ಬಳಸಿಲ್ಲ.