ರಾಯರು ಅಳೆದ ಹಿಮ

ಅಲಾಸ್ಕಾ ನೋಡಿಬಂದ ದಂಪತಿಯಲ್ಲಿ ಗಂಡನನ್ನು ಗುರುತಿಸಲು ಉಣ್ಣೆಯ ಟೋಪಿಯಾಗಲಿ ಬೈನಾಕ್ಯುಲರ್ ಆಗಲಿ ಬೇಕಿಲ್ಲ. ಬಾಯಿ ತೆರೆದರೆ ಸಾಕು, ಅಂಕಿ ಉದುರುತ್ತವೆ. ಈ ಜಾತಿಯವರನ್ನು ಅಲಾಸ್ಕಾ ರಾಯರು ಎನ್ನೋಣ. ಬ್ಯಾಂಕಿನಲ್ಲೋ ಲೋಕೋಪಯೋಗಿ ಇಲಾಖೆಯಲ್ಲೋ ದುಡಿದು ನಿವೃತ್ತರಾದವರು, ಸಿಯಾಟಲ್ಲಿನ ಮಗ ಬುಕ್ ಮಾಡಿಕೊಟ್ಟ ಪ್ರವಾಸದಲ್ಲಿ ವ್ಯಾಂಕೂವರಿನಿಂದ ಹಡಗು, ಆಮೇಲೆ ರೈಲು ಹತ್ತಿ ಬಂದವರು. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಪಕ್ಕದ ಕುರ್ಚಿಯವನು "ಚಳಿ ಜಾಸ್ತಿನಾ ಸಾರ್?" ಎಂದು ಕೇಳಿದ್ದೇ ತಪ್ಪು. ಮಾರ್ಜರಿ ಹಿಮನದಿಯ ಉದ್ದ 34 ಕಿಲೋಮೀಟರ್, ಅಗಲ ಒಂದು ಮೈಲಿ. ಡೆನಾಲಿ ಶಿಖರದ ಎತ್ತರ 6,190 ಮೀಟರ್. ಮೋಡ ಮುಚ್ಚಿಕೊಂಡು ಶಿಖರ ಕಾಣಲೇ ಇಲ್ಲ, ಆದರೆ ಅದರಿಂದ ಎತ್ತರವೇನೂ ಕಮ್ಮಿಯಾಗುವುದಿಲ್ಲವಲ್ಲ! ಹಡಗು ಕೆನಡಾದಿಂದ ಏಕೆ ಹೊರಡುತ್ತದೆಂದರೆ 1886ರ ಒಂದು ಕಾನೂನು: ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಜನ ಹತ್ತಿಸಿಕೊಂಡು ನೇರ ಇನ್ನೊಂದು ಬಂದರಿನಲ್ಲಿ ಇಳಿಸುವಂತಿಲ್ಲ. ಕೊನೆಗೆ 1867ರ ಕ್ರಯಪತ್ರ. ರಷ್ಯಾ ಇಡೀ ಅಲಾಸ್ಕಾವನ್ನು 72 ಲಕ್ಷ ಡಾಲರಿಗೆ ಮಾರಿತು, ಎಕರೆಗೆ ಎರಡು ಸೆಂಟ್ಸ್ ಬಿತ್ತು. ನಿಮ್ಮ ಬಡಾವಣೆಯಲ್ಲಿ ಥರ್ಟಿ ಫಾರ್ಟಿ ಸೈಟು ಈಗ ಎಷ್ಟಿದೆ ಹೇಳಿ, ಎನ್ನುತ್ತಾರೆ. ಪಂಕ್ತಿ ಎದ್ದರೂ ಲೆಕ್ಕ ಏಳುವುದಿಲ್ಲ.

ಇದು ಬರೀ ಜಂಬ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಜಂಬ ಕೊಚ್ಚುವವರು ಪ್ಯಾರಿಸ್ಸಿಗೆ ಹೋಗುತ್ತಾರೆ. ಗೋಪುರದ ಮುಂದೆ ನಿಂತ ಒಂದು ಫೋಟೊ ಸಾಕು, ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಅಲಾಸ್ಕಾದ ಫೋಟೊದಲ್ಲಿ ಇರುವುದೇನು? ಬೂದು ನೀರು, ಬೂದು ಮೋಡ, ನಡುವೆ ಮಾಸಿದ ನೀಲಿಯ ಒಂದು ಗೋಡೆ. ಅದರ ಪಕ್ಕ ಮನೆಯಿಲ್ಲ, ಮರವಿಲ್ಲ, ಮನುಷ್ಯನಿಲ್ಲ; ಹೀಗಾಗಿ ಅದು ಹತ್ತಡಿಯೋ ಇನ್ನೂರಡಿಯೋ ನೋಡುವವನಿಗೆ ತಿಳಿಯುವುದಿಲ್ಲ. ರಾಯರ ಎದೆ ಝಲ್ಲೆಂದದ್ದು ಆ ಗಾತ್ರಕ್ಕೆ, ಫೋಟೊದಲ್ಲಿ ಬಾರದೆ ಹೋದದ್ದೂ ಅದೇ. ವೋಚರ್ ಇಲ್ಲದೆ ಒಂದು ರೂಪಾಯಿಯನ್ನೂ ಪಾಸು ಮಾಡದೆ ಮೂವತ್ತು ವರ್ಷ ಕಳೆದ ಮನುಷ್ಯ ಬರಿಗೈಯಲ್ಲಿ "ಅಬ್ಬಾ!" ಎಂದಾನು ಹೇಗೆ? ಅಂಕಿಯೇ ಅವರ ಉದ್ಗಾರ. ಅವರ ಮನೆಯವರಿಗೆ ಈ ಕಷ್ಟವಿಲ್ಲ. ಅಂಗಾತ ತೇಲುತ್ತಿದ್ದ ಕಡಲ ನೀರುನಾಯಿ ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡಿತ್ತು ಎಂದು ಆಕೆ ಒಂದೇ ಮಾತಿನಲ್ಲಿ ಹೇಳುತ್ತಾರೆ. ಹೆಂಗಸರು, ಮಕ್ಕಳು, ಅಡುಗೆಯವರು ಕೂಡ ಅಲ್ಲಿಗೆ ಬಂದು ನಿಲ್ಲುತ್ತಾರೆ. ರಾಯರು ಆ ಪ್ರಾಣಿಯ ತೂಕ ಹೇಳಲು ಹೊರಟರೆ "ರೀ, ಸುಮ್ನಿರಿ" ಎಂಬ ಆಜ್ಞೆಯಾಗುತ್ತದೆ.

ಇನ್ನೊಂದು ಆಕ್ಷೇಪ ಸ್ವಲ್ಪ ಗಂಭೀರವಾದದ್ದು: ಅಂಥ ನಿಸರ್ಗದ ಮುಂದೆ ಮನುಷ್ಯ ಮೂಕನಾಗಬೇಕು, ಟೇಪು ಹಿಡಿಯಬಾರದು. ಕೇಳಲು ಸೊಗಸಾದ ಮಾತು. ಆದರೆ ಅಲಾಸ್ಕಾದ ಗ್ಲೇಸಿಯರ್ ಬೇ ಎಂಬ ಕೊಲ್ಲಿಯ ಕಥೆ ರಾಯರ ಪಕ್ಷಕ್ಕೇ ಸಾಕ್ಷಿ ಹೇಳುತ್ತದೆ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ಕಡೆಯವರು ಆ ಕರಾವಳಿಯ ನಕಾಶೆ ಬರೆದಾಗ ಅಲ್ಲಿ ಕೊಲ್ಲಿ ಎನ್ನುವಂಥದ್ದೇ ಇರಲಿಲ್ಲ. ಹಿಮ ಬಾಯಿಯ ತನಕ ತುಂಬಿಕೊಂಡಿತ್ತು. 1879ರಲ್ಲಿ ನಿಸರ್ಗದ ಬರಹಗಾರ ಜಾನ್ ಮ್ಯೂರ್ ದೋಣಿಯಲ್ಲಿ ಬರುವ ಹೊತ್ತಿಗೆ ಅದು 30 ಮೈಲಿಗೂ ಹೆಚ್ಚು ಹಿಂದಕ್ಕೆ ಸರಿದಿತ್ತು. 1916ಕ್ಕೆ 65 ಮೈಲಿ. ನಕಾಶೆಯವರೂ ಮೂಕರಾಗಿ ಕೈಮುಗಿದು ಹೋಗಿದ್ದರೆ, ಇವತ್ತು ಹಡಗು ತೇಲುವ ಆ ನೀರು ಮೊನ್ನೆಮೊನ್ನೆಯವರೆಗೆ ಹಿಮವಾಗಿತ್ತು ಎಂದು ಯಾರು ನಂಬುತ್ತಿದ್ದರು? ಮ್ಯೂರ್ ಏನು ಕಮ್ಮಿ ಪರವಶನಾದವನೇ? ಅವನ ಪರವಶತೆಯನ್ನು ಓದಿ ಹಿಗ್ಗಬಹುದು, ಹಿಮ ಎಷ್ಟು ಕರಗಿತೆಂದು ತಿಳಿಯಲು ಮಾತ್ರ ಅಳೆದವರ ಬಳಿಗೇ ಹೋಗಬೇಕು.

ಹಾಗೆಂದು ರಾಯರನ್ನು ಪೂರ್ತಿ ಖುಲಾಸೆ ಮಾಡುವಂತಿಲ್ಲ. ಅವರ ಲೆಕ್ಕದಲ್ಲಿ ಹಿಮನದಿಯಿದೆ, ಶಿಖರವಿದೆ, ಮೂರು ಹೊತ್ತು ಬಫೆಯಲ್ಲಿ ಇಟ್ಟಿದ್ದ ಬಗೆಗಳ ಸಂಖ್ಯೆಯೂ ಇದೆ. ಇಲ್ಲದ್ದು ಒಂದೇ ಬಾಬತ್ತು. ಜ್ಯೂನೋ ಅಲಾಸ್ಕಾದ ರಾಜಧಾನಿ, ಆದರೆ ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ನೀರಿನ ಮೇಲೋ ಆಕಾಶದಲ್ಲೋ ಬರಬೇಕು. ಊರಿನ ಜನಸಂಖ್ಯೆ ಸುಮಾರು 32 ಸಾವಿರ. ಇತ್ತೀಚಿನ ವರ್ಷಗಳಲ್ಲಿ ಹಡಗಿನಿಂದ ಬಂದಿಳಿಯುವವರು ಬೇಸಿಗೆಯೊಂದಕ್ಕೆ 16 ಲಕ್ಷ ದಾಟಿದ್ದಾರೆ. ಊರವರು ರೋಸಿಹೋಗಿ ಹಡಗಿನ ಕಂಪನಿಗಳ ಕೂಡ ಮಾತಾಡಿ, 2026ರಿಂದ ದಿನಕ್ಕೆ 16 ಸಾವಿರ, ಶನಿವಾರ 12 ಸಾವಿರ ಎಂದು ಮಿತಿ ಹಾಕಿಕೊಂಡರು. ಈ ಅಂಕಿ ರಾಯರ ಬಾಯಿಂದ ತಾನಾಗಿ ಬರುವುದಿಲ್ಲ. ಬೇರೆಯವರು ಎತ್ತಿದರೆ, ಆ ಗುಂಪಿನಲ್ಲಿ ತಾವೂ ಇಬ್ಬರಿದ್ದೆವೆಂಬ ಸಂಗತಿಯನ್ನು ಹಾಗೇ ಬಿಟ್ಟು, ಒಂದು ತಿದ್ದುಪಡಿ ಸೂಚಿಸುತ್ತಾರೆ: "ಆ ದಿನದ ಮಿತಿ ತಲೆ ಲೆಕ್ಕ ಅಲ್ಲ ಸ್ವಾಮಿ, ಹಡಗಿನ ಹಾಸಿಗೆ ಲೆಕ್ಕ." ತಿದ್ದುಪಡಿ ಸರಿಯಾಗಿಯೇ ಇರುತ್ತದೆ.